ಕುರಿ ಕರಿಯೋ ಕೂಗು

ಸುಳ್ಳ ಅನಿಸಿದ್ರ ನನ್ನ ತಮ್ಮ ಮಾಳಿಂಗನ್ನ ಕೇಳ್ರಿ. ಹಾಡಹಗಲ ಮೋರಟಗಿ ಊರಾಗಿನ ನಮ್ಮ ಹೊಲದಾಗ ಕುರಿ ಮಲಗಿಸಿ ಕುಂತಿದ್ವಿ. ಒಬ್ಬ ಮಾಲಕ ಅಂತಿಲ್ಲದ, ನೂರಾರು ಸರ್ವರಿನ್ಯಾಗ ಹಂಚಿಹೋಗಿರೋ ಸೋಶಿಯಲ್ ಮೀಡಿಯಾ ಐತಲ್ಲರಿ, ಅದರಾಗ ಟಗರು ಮಾರೋರು ಅದಾರೇನಂತ ಫೋನಿನ ಬ್ರೌಸರಿನ್ಯಾಗ ಹುಡುಕಾಕತ್ತಿದ್ದೆ. ಹೆಸರಿಲ್ಲದ ಖಾತೆಯಿಂದ ಒಂದು ವಿಡಿಯೋ ಬಂತು. ನೋಡಿದ್ರ ನಮ್ಮದ ಹೊಲ, ನಮ್ಮವ ಕುರಿ. ಒತ್ತಿದೆ. ಹೋದ ವರ್ಷ ತೀರಿಕೊಂಡ ಅಪ್ಪ ಕುರಿ ಕರಿಯೋ ಕೂಗು ಕೇಳಿಸ್ತು. ಅದನ್ನ ರೆಕಾರ್ಡ್ ಮಾಡಾಕ ಅಪ್ಪ ಎಂದೂ ಬಿಟ್ಟವನಲ್ಲ.

"ಕದ್ದು ನೀನ ಹಾಕೀದಿ, ಹೌದಲ್ಲೋ?" ಅಂತ ಮಾಳಿಂಗನ ಮ್ಯಾಲ ಹರಿಹಾಯ್ದೆ.

ಅಷ್ಟರಾಗ ಕುರಿ ಎಲ್ಲಾ ದಡಬಡಿಸಿ ಎದ್ದು, ನಮ್ಮ ಕಡಿಗೆ ಬರದ, ಅಪ್ಪನ್ನ ಮಣ್ಣು ಮಾಡಿದ ಬದುವಿನ ಕಡಿಗೆ ಓಡಿದ್ವು.

ಮಾಳಿಂಗ ಫೋನ್ ಕಸಗೊಂಡು ನೋಡಿದ. "ಅಣ್ಣಾ, ಇದರ ಸೌಂಡ್ ಬಂದ್ ಐತಿ."