ಹದಿನಾಲ್ಕನೆಯ ಖಾತೆ

2017ರ ನವೆಂಬರ್ 14, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಬನಹಟ್ಟಿ ಪೊಲೀಸ್ ಠಾಣೆಗೆ ಬಂದ ಶಿದ್ರಾಮಪ್ಪ, ದೂರಿನ ಹಾಳೆಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬಾಗಿಲ ಬಳಿಯೇ ನಿಂತಿದ್ದ. ಬೀಳಗಿ ತಾಲ್ಲೂಕಿನ ಬಾಡಗಂಡಿಯವನು. ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ. ಹಂಗಾಮು ಶುರುವಾಗಿದ್ದರೂ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಿದ್ದ.

ಇನ್‌ಸ್ಪೆಕ್ಟರ್ ಗಿರಮಲ್ಲಪ್ಪ ದೂರನ್ನು ಎರಡು ಸಲ ಓದಿದರು.

"ಎರಡು ಸಾವಿರದ ಮುನ್ನೂರಾ ಅರವತ್ತು ರೂಪಾಯಿ. ಇದಕ್ಕ ಅಷ್ಟು ದೂರದಿಂದ ಬಂದೀರಿ?"

"ರೊಕ್ಕದ ಸಲುವಾಗಿ ಬಂದಿಲ್ಲರಿ ಸಾಹೇಬ್ರ. ನನ್ನ ಮಗಳಿಗೆ ಕಳ್ಳಿ ಅಂದಾರ. ಯಾರು ತೊಗೊಂಡಾರ ಅನ್ನೂದು ಸರಕಾರದ ಕಾಗದದಾಗ ಬರಬೇಕ್ರಿ."

ಅವನ ಮಗಳು ರಂಜನಾ. ರಬಕವಿಯ ಪವರ್‌ಲೂಮ್ ನೇಕಾರ ಶಶಿಕಾಂತನೊಂದಿಗೆ ಮದುವೆಯಾಗಿ ಎಂಟು ತಿಂಗಳು. ಅತ್ತೆ ಸಾವಕ್ಕನ ಹೆಸರಿನಲ್ಲಿ ಒಂದು ಕ್ಯಾಶ್‌ಬ್ಯಾಕ್ ವೆಬ್‌ಸೈಟಿನ ಹಳೆಯ ಖಾತೆಯಿತ್ತು. ಆ ವೆಬ್‌ಸೈಟಿನ ಮೂಲಕ ಹೋಗಿ ಆನ್‌ಲೈನ್ ಅಂಗಡಿಗಳಲ್ಲಿ ಸಾಮಾನು ಕೊಂಡರೆ, ಕೊಟ್ಟ ಹಣದಲ್ಲಿ ಸ್ವಲ್ಪ ಭಾಗ ಎರಡು ಮೂರು ತಿಂಗಳಿಗೆ ಖಾತೆಗೆ ಮರಳಿ ಬರುತ್ತದೆ. ಪಿಯುಸಿ ಓದಿದ್ದ ಸೊಸೆ ಅದನ್ನು ನೋಡಿಕೊಳ್ಳತೊಡಗಿದಳು. ಮನೆಯ ಸೋಪು, ಚಹಾಪುಡಿ, ಚಾದರ, ಮೊಬೈಲ್ ರೀಚಾರ್ಜು ಎಲ್ಲವೂ ಅದರ ಮೂಲಕವೇ. ಓಣಿಯವರ ಸಾಮಾನನ್ನೂ ತರಿಸಿಕೊಡುತ್ತಿದ್ದಳು. ಕೂಡಿದ್ದರಲ್ಲಿ ದೀಪಾವಳಿಗೆ ಒಂದು ಮಿಕ್ಸರ್ ಎಂದು ಅತ್ತೆ ಸೊಸೆ ಮಾತಾಡಿಕೊಂಡಿದ್ದರು.

ಸೆಪ್ಟೆಂಬರ್ 24ರಂದು ಖಾತೆ ತೆರೆದಾಗ ಅದರಲ್ಲಿ ಸೊನ್ನೆ ಇತ್ತು.

ಪಾಸ್‌ವರ್ಡ್ ಗೊತ್ತಿದ್ದದ್ದು ರಂಜನಾಗೆ ಮಾತ್ರ. ಹಣವನ್ನು ತವರಿಗೆ ಕಳಿಸಿದ್ದಾಳೆ ಎಂದು ಸಾವಕ್ಕ ಓಣಿಗೆ ಕೇಳುವಂತೆ ಕೂಗಾಡಿ, ಅವಳ ಕೈಯಿಂದ ಫೋನು ಕಸಿದುಕೊಂಡಳು. ದಸರೆಗೆಂದು ಬಾಡಗಂಡಿಗೆ ಕಳಿಸಿದವರು ಮತ್ತೆ ಕರೆಯಲು ಹೋಗಲಿಲ್ಲ. ದೀಪಾವಳಿಯೂ ಹಾಗೇ ದಾಟಿತು.

"ನಿಮ್ಮ ಅಳಿಯ ಏನಂತಾನ?"

"ಏನೂ ಅನ್ನಾಂಗಿಲ್ಲರಿ. ಮಗಳೂ ಮಾತು ಬಿಟ್ಟಾಳ. ಹಿತ್ತಲ ಕಟ್ಟಿಮ್ಯಾಲ ಕುಂತಳಂದ್ರ ಏಳಾಂಗಿಲ್ಲ."

11.30ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಅದರ ಪ್ರತಿಯನ್ನು ಶಿದ್ರಾಮಪ್ಪ ನಾಲ್ಕು ಮಡಿಕೆ ಮಾಡಿ ಒಳಗಿನ ಕಿಸೆಗೆ ಇಟ್ಟುಕೊಂಡ.

ಅದೇ ದಿನ ಗಿರಮಲ್ಲಪ್ಪ ಆ ವೆಬ್‌ಸೈಟಿನ ಕಂಪನಿಗೆ ನೋಟಿಸು ಕಳಿಸಿದರು. ನವೆಂಬರ್ 22ರಂದು ಇ-ಮೇಲ್‌ನಲ್ಲಿ ಉತ್ತರ ಬಂತು. ಖಾತೆಗೆ ನೋಂದಾಯಿಸಿದ ಮೊಬೈಲ್ ನಂಬರ್ ರಂಜನಾಳದ್ದೂ ಅಲ್ಲ, ಸಾವಕ್ಕನದ್ದೂ ಅಲ್ಲ. ಸೆಪ್ಟೆಂಬರ್ 23ರ ಮಧ್ಯಾಹ್ನ ಹಣ ಒಂದು ಮೊಬೈಲ್ ವಾಲೆಟ್‌ಗೆ ಹೋಗಿತ್ತು. ಆ ವಾಲೆಟ್ ಕೂಡ ಅದೇ ನಂಬರಿನದು. ಆ ನಂಬರಿಗೆ ಬರುವ ಒಟಿಪಿ ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಹಣ ತೆಗೆಯಬಹುದಿತ್ತು. ಅದೇ ನಂಬರಿನಲ್ಲಿ ರಬಕವಿ, ಬನಹಟ್ಟಿ, ಚಿಮ್ಮಡದ ಒಟ್ಟು ಹದಿನಾಲ್ಕು ಹೆಂಗಸರ ಖಾತೆಗಳಿದ್ದವು. ಹದಿನಾಲ್ಕರಿಂದಲೂ ಹಣ ತೆಗೆಯಲಾಗಿತ್ತು.

"ಹದಿನಾಲ್ಕು ಮಂದ್ಯಾಗ ಒಬ್ಬರೇ ದೂರು ಕೊಟ್ಟಾರ," ಎಂದರು ಗಿರಮಲ್ಲಪ್ಪ. "ಉಳಿದವರು ಯಾಕ ಸುಮ್ನಿದಾರ, ಕೇಳ್ಕೊಂಡು ಬಾ."

ಹೆಡ್ ಕಾನ್‌ಸ್ಟೆಬಲ್ ಮಾದೇವಿ ಮರುದಿನ ಚಿಮ್ಮಡಕ್ಕೆ ಹೋದಳು. ಮೊದಲ ಮನೆ ಮುತ್ತವ್ವನದು. ಅರವತ್ತರ ಹೆಂಗಸು, ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ನಿಮ್ಮ ಖಾತೇದಾಗಿನ ರೊಕ್ಕ ಹೋಗಿತ್ತೇನ್ರಿ?"

"ಹೋಗಿತ್ತವ್ವಾ. ಮೂರು ಸಲ ಹೋಗಿತ್ತು. ಆ ಹೆಲ್ಪ್‌ಲೈನಿನ ಹುಡುಗಿಗೆ ಫೋನ್ ಹಚ್ಚಿದೆ. ನಾಕು ದಿನದಾಗ ತಿರುಗಿ ಹಾಕಿಸಿದ್ಲು."

"ಮೂರು ಸಲಾನೂ?"

"ಮೂರು ಸಲಾನೂ. ಭಾಳ ಛಲೋ ಹುಡುಗಿ. ನನ್ನ ಮೊಣಕಾಲು ಹೆಂಗೈತಿ, ಮೊಮ್ಮಗ ನಡ್ಯಾಕ ಕಲ್ತಾನೇನು, ಎಲ್ಲಾ ನೆನಪಿಟ್ಟು ಕೇಳ್ತಾಳ. ಯಾಕ, ಆಕಿಗೇನರ ಆಗೇತೇನು?"

ಆ ನಂಬರ್ ಎಲ್ಲಿ ಸಿಕ್ಕಿತೆಂದು ಮಾದೇವಿ ಕೇಳಿದಳು. ಮುತ್ತವ್ವ ದೇವರ ಮಾಡದಿಂದ ಒಂದು ಸಣ್ಣ ಕಾರ್ಡು ತಂದು ತೋರಿಸಿದಳು. ರಬಕವಿಯ ಒಂದು ಆನ್‌ಲೈನ್ ಸೆಂಟರಿನ ಹೆಸರು, ಕೆಳಗೆ ಪೆನ್ನಿನಲ್ಲಿ ಬರೆದ 'ಸಹಾಯವಾಣಿ' ನಂಬರ್. ಕಂಪನಿ ಕೊಟ್ಟಿದ್ದ ನಂಬರೇ ಅದು.

ಎರಡು ದಿನದಲ್ಲಿ ಮಾದೇವಿ ಹದಿಮೂರು ಮನೆ ತಿರುಗಿದಳು. ಎಲ್ಲರದೂ ಒಂದೇ ಮಾತು: ರೊಕ್ಕ ಹೋಯಿತು, ಫೋನ್ ಮಾಡಿದೆವು, ಬಂತು. 2014ರಲ್ಲಿ ಆ ಸೆಂಟರಿಗೆ ಹೋದಾಗ ಅವರಲ್ಲಿ ಯಾರಿಗೂ ಸ್ವಂತ ಫೋನಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ವೈಶಾಲಿ ಎಂಬವಳು ತನ್ನ ನಂಬರನ್ನೇ ಕೊಟ್ಟು ಎಲ್ಲರ ಖಾತೆ ತೆರೆದುಕೊಟ್ಟಿದ್ದಳು. ಸೆಂಟರು ಮುಚ್ಚಿ ಎರಡು ವರ್ಷವಾಗಿತ್ತು.

"ಕದ್ದು ತಿರುಗಿ ಕೊಡೂ ಕಳ್ಳರನ್ನ ನಾ ನೋಡಿಲ್ಲರಿ," ಎಂದಳು ಮಾದೇವಿ.

"ರಂಜನಾಂದು ಯಾಕ ತಿರುಗಿ ಕೊಡಲಿಲ್ಲ?"

"ಆಕಿ ಫೋನ್ ಮಾಡಿಲ್ಲರಿ. ಆಕಿ ಕೈಯಾಗ ಫೋನ್ ಎಲ್ಲಿತ್ತು?"

ಗಿರಮಲ್ಲಪ್ಪ ಮೇಜಿನ ಮೇಲಿದ್ದ ಕರೆಗಳ ವಿವರವನ್ನು ಅವಳ ಕಡೆ ಸರಿಸಿದರು. ಆರು ತಿಂಗಳ ಪಟ್ಟಿ. ಆ ನಂಬರಿಗೆ ಬಂದ ಕರೆಗಳೆಲ್ಲ ಈ ಹೆಂಗಸರವೇ. ಇಪ್ಪತ್ತು ನಿಮಿಷ, ಮೂವತ್ತೈದು ನಿಮಿಷ, ಒಂದು ಮುಕ್ಕಾಲು ಗಂಟೆ. ಆ ನಂಬರಿನಿಂದ ಹೊರಗೆ ಹೋದ ಕರೆ ಒಂದೂ ಇರಲಿಲ್ಲ.

ಟವರು ಮುಧೋಳದ್ದು. ರೀಚಾರ್ಜು ಪ್ರತಿ ತಿಂಗಳು ಅಲ್ಲಿನ ಒಂದೇ ಅಂಗಡಿಯಲ್ಲಿ ಆಗುತ್ತಿತ್ತು. ನವೆಂಬರ್ 27, ಸೋಮವಾರ ಮಧ್ಯಾಹ್ನ 12.15ಕ್ಕೆ ಅಲ್ಲಿಗೆ ಹೋದ ಗಿರಮಲ್ಲಪ್ಪ, ಮಾದೇವಿಯರಿಗೆ ಆ ಅಂಗಡಿಯವನು ಹಿಂದಿನ ಓಣಿಯಲ್ಲಿ ಅವಳಿದ್ದ ಕೊನೆಯ ಖೋಲಿ ತೋರಿಸಿದ. ಪಂಚ ಸಾಕ್ಷಿಗಳಾಗಿ ಅಂಗಡಿಯವನನ್ನೂ ಪಕ್ಕದ ಖೋಲಿಯ ರಾಜೇಶ್ವರಿಯನ್ನೂ ಕರೆದರು.

"ಈ ವೈಶಾಲಿ ನಿಮಗ ಪರಿಚಯ ಏನ್ರಿ?" ಮಾದೇವಿ ಕೇಳಿದಳು.

"ಆಕಿ ಹೆಸರು ವೈಶಾಲಿ ಏನ್ರಿ? ನನಗ ಗೊತ್ತಿಲ್ಲ ನೋಡ್ರಿ. ಗ್ವಾಡಿ ಆಚಿಕಿಂದ ಯಾವಾಗರ ನಕ್ಕೋತ ಮಾತಾಡೂದು ಕೇಳಿಸ್ತೈತಿ. ಭಾಳ ಮಂದಿ ಬಳಗ ಇದ್ದಾಕಿ ಅಂತ ತಿಳಿದಿದ್ದೆ."

ಬಾಗಿಲು ತೆರೆದ ವೈಶಾಲಿಗೆ ಮೂವತ್ತೊಂದು ವರ್ಷ. ಪೊಲೀಸರನ್ನು ನೋಡಿ ಹೆದರಲಿಲ್ಲ; ಇದ್ದ ಒಂದೇ ಕುರ್ಚಿಯನ್ನು ಒರೆಸಿ ಮುಂದಿಟ್ಟಳು. ಚಹಾ ಮಾಡಲೇ ಎಂದು ಕೇಳಿದಳು. ಬೇಡ ಎಂದಾಗ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು.

"ಹೊಟ್ಟಿಪಾಡಿಗೆ ಏನು ಮಾಡ್ತೀರಿ?"

"ವಕೀಲರ ಕಾಗದ ಟೈಪ್ ಮಾಡಿ ಕೊಡ್ತೀನ್ರಿ. ಅವರು ಮೇಲ್ ಕಳಸ್ತಾರ, ನಾನೂ ಮೇಲ್ ಕಳಸ್ತೀನಿ."

"ಸಾವಕ್ಕನ ಖಾತೇದ ರೊಕ್ಕ ತೆಗೆದವರು ಯಾರು?"

"ನಾನ ರೀ."

"ಎಲ್ಲೈತಿ?"

"ವಾಲೆಟ್‌ದಾಗ ಐತಿ. ಒಂದು ರೂಪಾಯಿ ಮುಟ್ಟಿಲ್ಲರಿ."

"ಮತ್ತ ಯಾಕ ತೆಗೆದಿ?"

ಅವಳು ಹೋಗಿ ಲ್ಯಾಪ್‌ಟಾಪಿನ ವೈರು ಬಿಚ್ಚತೊಡಗಿದಳು. ಪಂಚನಾಮೆಯಲ್ಲಿ ಒಂದು ಲ್ಯಾಪ್‌ಟಾಪ್, ಎರಡು ಮೊಬೈಲು, ಒಂದು ನೂರು ಪುಟದ ನೋಟ್‌ಬುಕ್ ಜಪ್ತಿಯಾದವು. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದು ಪುಟ. ಮುತ್ತವ್ವ: ಎಡ ಮೊಣಕಾಲು. ಎಣ್ಣೆ ಬದಲಿಸಿದ್ದಾಳೆ. ಮೊಮ್ಮಗ ಮೂರು ಹೆಜ್ಜೆ ಇಟ್ಟ. ಮತ್ತೊಬ್ಬಳ ಮಗಳ ನಿಶ್ಚಯದ ದಿನ, ಇನ್ನೊಬ್ಬಳ ಎಮ್ಮೆ ಈದ ದಿನ. ಸಾವಕ್ಕನ ಪುಟದಲ್ಲಿ ಮಾತ್ರ: ಸೊಸೆ ನೋಡಿಕೊಳ್ಳುತ್ತಾಳೆ, ಹೆಸರು ರಂಜನಾ. ಅದರ ಕೆಳಗೆ ಸೆಪ್ಟೆಂಬರ್ 25, 26, 27. ಪ್ರತಿ ತಾರೀಖಿನ ಮುಂದೆ 'ಬರಲಿಲ್ಲ'. ಹೀಗೆ ನವೆಂಬರ್ 26ರವರೆಗೆ.

"ಏನು ಬರಲಿಲ್ಲ?" ಗಿರಮಲ್ಲಪ್ಪ ಕೇಳಿದರು.

"ಆಕಿ ಫೋನ್ ರೀ. ರೊಕ್ಕ ಹ್ವಾದ್ರ ಎಲ್ಲಾರೂ ಮಾಡ್ತಾರ. ಇವತ್ತ ಮಾಡ್ತಾಳ, ನಾಳಿ ಮಾಡ್ತಾಳ ಅಂತ ಕಾಯ್ದೆ. ಮಾಡಿದ್ರ ತಿರುಗಿ ಹಾಕ್ತಿದ್ದೆ. ದೇವರಾಣೆ ಹಾಕ್ತಿದ್ದೆ."

"ನೀನ ಮಾಡಬೇಕಾಗಿತ್ತು."

"ನಾ ಮಾಡಿದ್ರ ಏನಂತ ಮಾತಾಡ್ಲಿ ರೀ? ಸೆಂಟರ್ ಮುಚ್ಚಿದ ಮ್ಯಾಲ ಎರಡು ಮೂರು ಮಂದಿಗೆ ಮಾಡಿದ್ದೆ. 'ಏನು ಕೆಲಸಿತ್ತು?' ಅಂದ್ರು. ಕೆಲಸ ಇರಲಿಲ್ಲ. ಇಟ್ಟುಬಿಟ್ಟೆ."

ಮಾದೇವಿ ಅದನ್ನು ಬರೆದುಕೊಂಡಳು.

"ಆ ರಂಜನಾಗ ಏನಾತು ಗೊತ್ತೈತೇನು?" ಗಿರಮಲ್ಲಪ್ಪ ಹೇಳಿದರು. "ಕಳ್ಳಿ ಅಂತ ಮನಿ ಬಿಡಿಸಿ ಕಳಿಸ್ಯಾರ. ಎರಡು ತಿಂಗಳಾತು, ತವರಮನ್ಯಾಗ ಬಾಯಿ ಮುಚ್ಚಿಕೊಂಡು ಕುಂತಾಳ."

ವೈಶಾಲಿ ತಲೆ ಎತ್ತಿದಳು. "ಒಬ್ಬಾಕಿನ ಏನ್ರಿ?" ಎಂದಳು. ಅವಳು ಏನು ಕೇಳಿದಳೆಂದು ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ. ಮಾದೇವಿಗೆ ತಿಳಿಯಿತು.

"ಹೂಂ," ಎಂದಳು. "ಒಬ್ಬಾಕಿನ ಕುಂತಾಳ."

ಮಧ್ಯಾಹ್ನ 3.50ಕ್ಕೆ ಬನಹಟ್ಟಿ ಠಾಣೆಯಲ್ಲಿ ಬಂಧನ ದಾಖಲಾಯಿತು. ಸಾವಕ್ಕ ಮತ್ತು ಶಶಿಕಾಂತನನ್ನು ಕರೆಸಿ ಕಂಪನಿಯ ಉತ್ತರವನ್ನು ಓದಿ ಹೇಳಿದರು. ಸಾವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಶಿಕಾಂತ ನೆಲ ನೋಡುತ್ತ, "ನಾಳಿ ಮುಂಜಾನಿ ಬಾಡಗಂಡಿಗೆ ಹೋಗಿ ಕರಕೊಂಡು ಬರ್ತೀನ್ರಿ," ಎಂದ.

"ಬರೂದು ಬಿಡೂದು ಆಕಿಗೆ ಬಿಟ್ಟದ್ದು," ಎಂದರು ಗಿರಮಲ್ಲಪ್ಪ. "ಮೊದಲ ಓಣಿಯೊಳಗ ನಿಂತು ಹೇಳ್ರಿ, ಕಳ್ಳಿ ಅಂದದ್ದು ಸುಳ್ಳು ಅಂತ. ಆಮ್ಯಾಲ ಬಸ್ಸು ಹತ್ರಿ."

ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ವೈಶಾಲಿ ಪುಣೆಯಲ್ಲಿರುವ ಅಣ್ಣನ ನಂಬರ್ ಕೊಟ್ಟಳು. ಮಾದೇವಿ ವಿಷಯ ಹೇಳಿದಳು. ಅಣ್ಣ "ತಿಳೀತ್ರಿ" ಎಂದು ಇಟ್ಟ. ಜಾಮೀನಿಗೆ ಬರುತ್ತಾನೋ ಇಲ್ಲವೋ ಕೇಳುವಷ್ಟು ಹೊತ್ತೂ ಸಿಗಲಿಲ್ಲ.

"ರಂಜನಾ ಸಂಗಾಟ ಒಂದು ಮಾತು ಆಡ್ಲೇನ್ರಿ?" ವೈಶಾಲಿ ಕೇಳಿದಳು. "ತಪ್ಪಾತು ಅಂತ ಅಷ್ಟ."

ಹಾಗೆ ಮಾಡುವ ಪದ್ಧತಿಯಿಲ್ಲ. ಆದರೂ ಪ್ರಕರಣದ ವಿಷಯ ತಿಳಿಸಲೆಂದು ಶಿದ್ರಾಮಪ್ಪನಿಗೆ ಫೋನ್ ಹಚ್ಚಿದ್ದ ಮಾದೇವಿ, ಅವನ ಮಗಳನ್ನು ಕರೆಯಲು ಹೇಳಿದಳು. ಅಂಗಳದಲ್ಲಿ ಹೆಜ್ಜೆ ಸಪ್ಪಳ, ಪಿಸುಮಾತು. ಆಮೇಲೆ ರಂಜನಾಳ ದನಿ ಸ್ಪಷ್ಟವಾಗಿ ಬಂತು.

"ನನಗ ಆಕಿ ಸಂಗಾಟ ಮಾತಾಡೂದು ಏನೂ ಇಲ್ಲರಿ ಮೇಡಮ್ಮಾರ."

ಮಾದೇವಿ ಫೋನು ಕೆಳಗಿಟ್ಟಳು. ಎದುರಿಗೆ ಕುಳಿತ ವೈಶಾಲಿಗೂ ಆ ಮಾತು ಕೇಳಿಸಿತ್ತು.

ಸಂಜೆ 5.30ಕ್ಕೆ ಗಿರಮಲ್ಲಪ್ಪ ಕೇಸ್ ಡೈರಿ ಬರೆದರು. ಆರೋಪಿತಳು ಒಪ್ಪಿಕೊಂಡಿದ್ದಾಳೆ. ಹಣ ಪೂರ್ತಿ ವಾಲೆಟ್‌ನಲ್ಲಿದೆ, ನ್ಯಾಯಾಲಯದ ಅನುಮತಿ ಪಡೆದು ಹಿಂದಿರುಗಿಸಬೇಕು. ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಆ ಜಾಗದಲ್ಲಿ ಅವರು ಹಣ, ಹೊಲ, ಹಳೆಯ ದ್ವೇಷ, ಹೆಣ್ಣು ಎಂದು ಬರೆದಿದ್ದರು. ಇವತ್ತು ಬರೆದದ್ದನ್ನು ಒಮ್ಮೆ ಓದಿಕೊಂಡರು, ತಿದ್ದಲಿಲ್ಲ:

'ಸದರಿ ಆರೋಪಿತಳು ಹಣದಾಸೆಯಿಂದ ಕೃತ್ಯ ಎಸಗಿರುವುದಿಲ್ಲ. ಯಾರಾದರೂ ತನ್ನೊಂದಿಗೆ ಮಾತನಾಡಲಿ ಎಂಬ ಕಾರಣದಿಂದ ಎಸಗಿರುತ್ತಾಳೆ.'