ದಿನಕ್ಕೊಂದು ಸಾಸಿವೆಯಷ್ಟು

"ನಾಲ್ಕು ತಿಂಗಳು ಎಲ್ಲಿದ್ರಿ?" ಎಂದಿದ್ದರು ಡಾಕ್ಟರ್ ನೀರಜಾ. "ನರ ಹೊಲಿದಿದ್ದೀನಿ. ಅದು ದಿನಕ್ಕೊಂದು ಸಾಸಿವೆಯಷ್ಟು ಬೆಳೆಯುತ್ತೆ. ಬಂದು ಮುಟ್ಟೋ ಹೊತ್ತಿಗೆ ಹೆಬ್ಬೆರಳಿನ ಸ್ನಾಯು ಕಾದು ಕಾದು ಸೊರಗಿರುತ್ತೆ. ಜಾಸ್ತಿ ಆಸೆ ಇಟ್ಕೋಬೇಡಿ."

ಬದರಿನಾಥ ಎಲ್ಲಿದ್ದನೆಂದರೆ, ಚೆನ್ನೈನ ತ್ರಿಪ್ಲಿಕೇನಿನ ಪ್ರೆಸ್ಸಿನಲ್ಲೇ. ಕಿಟಕಿಯ ಗಾಜು ಬಲ ಮಣಿಕಟ್ಟು ಸೀಳಿ ಹೆಬ್ಬೆರಳು ಅಲುಗದಾದಾಗ ಮಾಲೀಕ ಮಧ್ವರಾಜ, "ಗಾಯ ಒಣಗ್ತಲ್ಲ ಬದರಿ, ಕಲ್ಯಾಣ ಸೀಸನ್ ಮುಗೀಲಿ, ಆಮೇಲೆ ಆಸ್ಪತ್ರೆ" ಎಂದು ಲಗ್ನಪತ್ರಿಕೆಗಳ ರಾಶಿ ತೋರಿಸಿದ್ದ. ಬದರಿನಾಥ ನಂಬಿದ. ಕೊನೆಗೆ ಅವನಿಗೆ ಉಳಿದದ್ದು ಪ್ರೆಸ್ಸಿನ ಬಾಗಿಲ ಬಳಿಯ ಕಾವಲು ಕುರ್ಚಿ, ಅಂಗಿಯ ಗುಂಡಿ ಹಾಕಿಕೊಡುವ ಹೆಂಡತಿ ಜಯಲಕ್ಷ್ಮಿ, ಮತ್ತು ಎಷ್ಟು ಮಲಗಿದರೂ ಕಳೆಯದ ಸುಸ್ತು.

ಒಂದು ವರ್ಷದ ಮೇಲೆ, ಎಲ್ಲರೂ ಕೈಬಿಟ್ಟ ಹೊತ್ತಿನಲ್ಲಿ, ಹೆಬ್ಬೆರಳು ಅಲುಗಿತು. ಅವನು ಜಯಲಕ್ಷ್ಮಿಗೂ ಹೇಳಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ಒದ್ದೆ ಬಟ್ಟೆ ಹಿಂಡಿ ಹಿಂಡಿ ಬಲ ಕೂಡಿಸಿದ. ಹೊರಗೆ ಮಾತ್ರ ಕೈ ಜೋತುಬಿದ್ದೇ ಇರುತ್ತಿತ್ತು, ಎಡಗೈಯಲ್ಲಿ ಚಮಚ.

2001ರ ಆಯುಧಪೂಜೆಗೆ ಎಲ್ಲ ಸಿದ್ಧವಾಯಿತು. ಪ್ರತಿವರ್ಷ ಪೂಜೆಯಾದ ಮೇಲೆ ಕಾಗದ ಕತ್ತರಿಸುವ ಯಂತ್ರದಲ್ಲಿ ಮೊದಲ ಕಟ್ಟು ಕತ್ತರಿಸುವವನು ಮಾಲೀಕನೇ. ಅಲಗಿನಡಿ ಅಂಗೈ ಇಟ್ಟು ಕಾಗದ ಸರಿಮಾಡುವುದು ಅವನ ರೂಢಿ. ಆ ಕೈ ಮೇಲೆ ಬೀಳುವಂತೆ ಅಲಗಿನ ಬೋಲ್ಟು ಸಡಿಲಿಸಬೇಕಾದರೆ ಎರಡು ಕೈಯಲ್ಲಿ ಎರಡು ಸ್ಪ್ಯಾನರ್ ಬೇಕು. ಒಂಟಿಕೈಯವನನ್ನು ಯಾರು ಅನುಮಾನಿಸುತ್ತಾರೆ? ಡಾಕ್ಟರ ಚೀಟಿಯೇ ಸಾಕ್ಷಿ. ಬದರಿನಾಥನಿಗೆ ಮಾಲೀಕನ ಜೀವ ಬೇಡ. ಕೈಗೆ ಕೈ, ಅಷ್ಟೇ. ಬೆಳಗ್ಗೆ ಎಲ್ಲರೂ ಕಾಫಿಗೆ ಮೆಸ್ಸಿಗೆ ಹೋದಾಗ ಕೆಲಸ ಮುಗಿಸಿದ.

ಮಂಗಳಾರತಿಯಾಯಿತು. ಮಧ್ವರಾಜ ಸಾಲಾಗಿ ತೀರ್ಥ ಕೊಡುತ್ತ ಬಂದ. ಬದರಿನಾಥನ ಕಣ್ಣು ಅಲಗಿನ ಮೇಲಿತ್ತು.

"ಏಯ್ ಬದರಿ!" ತೀರ್ಥ ಹಾಕಿದ ಮಧ್ವರಾಜನ ಉದ್ಧರಣೆ ಗಾಳಿಯಲ್ಲೇ ನಿಂತಿತು. "ಏನಯ್ಯಾ ಇದು?"

ಬದರಿನಾಥ ತಲೆ ತಗ್ಗಿಸಿ ನೋಡಿದ. ನಲವತ್ತು ವರ್ಷದ ಅಭ್ಯಾಸ, ಬಲಗೈ ತಾನಾಗಿ ಮುಂದೆ ಬಂದಿತ್ತು. ಹೆಬ್ಬೆರಳು ಬಾಗಿ ಅಂಗೈ ಬಟ್ಟಲಾಗಿತ್ತು. ತೀರ್ಥ ಒಂದು ಹನಿಯೂ ಸೋರಿರಲಿಲ್ಲ. ಮಧ್ವರಾಜನ ಕಣ್ಣು ತುಂಬಿತು. "ಪೆರುಮಾಳೇ! ನನ್ ಪಾಪ ಕಳೀತು ಕಣಯ್ಯಾ. ಈ ಸಲ ಮೊದಲ ಕಟ್ಟು ನಿಂದೇ." "ಬೇಡ ಸಾರ್..." "ಏನಪ್ಪಾ ನಾಚ್ಕೆ? ವಾ, ವಾ, ಬಾರಯ್ಯಾ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ವರಾಜ ಆ ಬಲಗೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ, ಕುಂಕುಮ ಹಚ್ಚಿ, ಅಲಗಿನಡಿಯ ಕಾಗದದ ಮೇಲೆ ಮೆತ್ತಗೆ ಒತ್ತಿಟ್ಟ. ಮೇಲೆಲ್ಲೋ ಒಂದು ಬೋಲ್ಟು ಕಟಕ್ಕೆಂದಿತು.