ಹಾಡಿಯೊಳಗೆ ಹೊಕ್ಕ ಮೂಲೆ

“ಆ ಮೂಲಿ ಒಂದ್ ಬಿಟ್ ಕಟ್ಟಿ, ಇಂಜಿನಿಯರ್ರೇ,” ಎಂದ ಮೇಸ್ತ್ರಿ ಚಂದಯ್ಯ.

ಬಿಜೂರಿನ ಹಾಡಿಗೆ, ಊರಂಚಿನ ಸಣ್ಣ ಕಾಡಿಗೆ, ತಾಗಿದ ಆ ಏಳು ಸೆಂಟ್ಸ್ ಜಾಗಕ್ಕೆ ಆರು ಮೂಲೆ. ಐದು ಹೇಗೋ ಸರಿ. ಆರನೆಯದು ಚೂಪಾಗಿ ಮರಗಳ ಒಳಗೇ ಹೊಕ್ಕಿತ್ತು. ನಡುಮಧ್ಯಾಹ್ನವೂ ಅಲ್ಲಿ ಮಬ್ಬುಗತ್ತಲೆ, ಕೊಳೆತ ಎಲೆಯ ವಾಸನೆ. ಇಂಥ ಜಾಗ ಸಿಕ್ಕರೆ ಈ ಕಡೆಯ ಮೇಸ್ತ್ರಿಗಳು ಹಗ್ಗ ಹಿಡಿದು ಚೌಕ ಮಾಡಿ, ಹೊರಗುಳಿದ ಚೂಪನ್ನು ಪಾಗಾರದ ಗೋಡೆಯಾಚೆಗೆ ಬಿಟ್ಟುಬಿಡುತ್ತಾರೆ. ಯಾರಿಗೆ ಬಿಟ್ಟದ್ದು ಎಂದು ಯಾರೂ ಕೇಳುವುದಿಲ್ಲ.

ಯತೀಶ ಕೇಳಿದ. ಮುಂಬೈಯಲ್ಲಿ ಹುಟ್ಟಿ ಬೆಳೆದವನು, ಹೆಂಡತಿ ರಮ್ಯಶ್ರೀಯ ಊರೆಂದು ಇಲ್ಲಿ ಮನೆ ಕಟ್ಟಲು ಬಂದವನು. ಒಂದಡಿ ಜಾಗ ಖಾಲಿ ಬಿಡುವುದೆಂದರೆ ಇಂಜಿನಿಯರುಗಳಿಗೆ ಹೊಟ್ಟೆಯುರಿ, ನೋಡಿ.

ಚಂದಯ್ಯ ದನಿ ತಗ್ಗಿಸಿದ. “ಹಿಂದೆ ಈ ಜಾಗ ಪಾಲ್ ಆಪತಿಗೆ ಅಣ್ಣ ತಮ್ಮಂಗೆ ಮೋಸ ಮಾಡ್ದ. ತಮ್ಮ ಮಾಟ ಮಾಡ್ಸಿ ಅಲ್ ಹುಗ್ದ್ ಹೋದ. ಆ ಮೂಲೀನ ಮನಿ ಒಳ್ಗ್ ಸೇರ್ಸ್ಕಂಡವ್ರ್ ಮಕ್ಳ್ ಉಳುದಿಲ್ಲ.”

“ಹಾಗಾದ್ರೆ ಮಗಳ ರೂಮು ಅಲ್ಲೇ,” ಎಂದು ಯತೀಶ ನಕ್ಕ. ಚೂಪಿಗೆ ಸರಿಯಾಗಿ ಹಾಡಿ ಕಾಣುವ ಕಿಟಕಿಯಿಟ್ಟು, ನಕ್ಷೆಯ ಆ ಕೋಣೆಯಲ್ಲಿ ‘ದೀಕ್ಷಾ’ ಎಂದು ಬರೆದ. ಮಗುವಿಗೆ ಏಳು ವರ್ಷ.

ಪಾಯ ತೋಡುವ ದಿನ ಮೂರಡಿ ಆಳದಲ್ಲಿ ಪಿಕಾಸಿ ಟಣ್ಣೆಂದಿತು. ಕರಿಬಟ್ಟೆ ಬಿಗಿದ ಮಡಕೆ. ಆಳುಗಳು ಸಾಮಾನು ಅಲ್ಲೇ ಬಿಸಾಡಿ ರಸ್ತೆಗೆ ಓಡಿದರು. ಯತೀಶ ಇಳಿದು ತಾನೇ ಬಟ್ಟೆ ಹರಿದ. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಒಳಗೆ ಹಸಿರುಗಟ್ಟಿದ ತಾಮ್ರದ ತಗಡು. ಹೆಬ್ಬೆರಳಲ್ಲಿ ಉಜ್ಜಿದ. ಗೆರೆಗಳು ಎದ್ದವು. ಆರು ಮೂಲೆ. ಚಾವಡಿ, ಅಡುಗೆಮನೆ, ಮೆಟ್ಟಿಲು. ಅವನದೇ ನಕ್ಷೆ. ಚೂಪಿನ ಕೋಣೆಯಲ್ಲಿ ಎರಡು ಜಡೆಯ ಪುಟ್ಟ ಗೊಂಬೆ. ಆ ಕೋಣೆಗೆ ಮಾತ್ರ ಬಾಗಿಲಿಲ್ಲ.

ಅಷ್ಟರಲ್ಲಿ ರಮ್ಯಶ್ರೀಯ ಫೋನು. “ಬೇಗ ಬನ್ನಿ. ದೀಕ್ಷಾ ಮೂಲೆಯಲ್ಲಿ ಕೂತವ್ಳು ಏಳ್ತಾ ಇಲ್ಲ.”

ಬಾಡಿಗೆ ಮನೆಯ ಚಾವಡಿಯಲ್ಲಿ ಮಗು ಮುದುಡಿ ಕುಳಿತಿತ್ತು. ಮುಂಬಾಗಿಲು ಹಾರು ಹೊಡೆದಿತ್ತು. ಆದರೂ ಅವಳು ಎರಡೂ ಅಂಗೈಯಿಂದ ಬರಿಗಾಳಿಯನ್ನು ತಡವುತ್ತಿದ್ದಳು.

“ಅಪ್ಪಯ್ಯ, ಇಲ್ ಬಾಗ್ಲೇ ಇಲ್ಲೆ.”

ಎತ್ತಿಕೊಳ್ಳಲು ಹೋದರೆ ಉಸಿರು ಸಿಕ್ಕದೆ ಮುಖ ನೀಲಿಯಾಯಿತು. ಕೆಳಗಿಟ್ಟರೆ ಉಸಿರು ಬಂತು. ಯತೀಶ ಕೈಯಲ್ಲೇ ಹಿಡಿದು ತಂದಿದ್ದ ತಗಡನ್ನು ನೆಲಕ್ಕಿಟ್ಟ. ನಕ್ಷೆ ಹರಡಿ ಅವಳ ಹೆಸರು ಅಳಿಸಿದ, ಪಕ್ಕದ ಕೋಣೆಗೆ ಬರೆದ. ತಗಡಿನಲ್ಲಿ ಗೊಂಬೆಯೂ ಪಕ್ಕಕ್ಕೆ ಸರಿದಿತ್ತು. ಆ ಕೋಣೆಯ ಬಾಗಿಲು ಮುಚ್ಚಿಹೋಗಿತ್ತು. ಮತ್ತೆ ಅಳಿಸಿದ. ಮತ್ತೆ ಸರಿಯಿತು. ಹೆಸರನ್ನೇ ತೆಗೆದ. ಗೊಂಬೆ ಚೂಪಿಗೆ ಮರಳಿತು. ಮಗುವಿನ ಉಸಿರು ಚಿಕ್ಕದಾಗುತ್ತಿತ್ತು.

ಹಿಂದೆಯೇ ಓಡಿಬಂದ ಚಂದಯ್ಯ ಹೊಸ್ತಿಲು ದಾಟಲಿಲ್ಲ. “ಖಾಲಿ ಕೋಣೀನ ಆ ಮಾಟ ಒಪ್ಪುದಿಲ್ಲ. ಯಾರಾರೂ ಒಬ್ರ್ ಬೇಕ್.”

“ನನ್ನ ಹೆಸ್ರು ಬರೀರಿ,” ಎಂದು ರಮ್ಯಶ್ರೀ ಪೆನ್ಸಿಲಿಗೆ ಕೈ ಹಾಕಿದಳು.

ಯತೀಶ ಅವಳ ಕೈ ತಳ್ಳಿದ. ಭಯವಾಯಿತು, ತುಂಬಾ ಭಯವಾಯಿತು. ಚೂಪಿನ ಕೋಣೆಯಲ್ಲಿ ತನ್ನ ಹೆಸರು ಬರೆದ.

ದೀಕ್ಷಾ ಎದ್ದಳು. ಉಸಿರೆಳೆದಳು. ಅಂಗಳಕ್ಕೆ ಓಡಿದಳು. ಅವನೂ ಹಿಂದೆ ಓಡಿದ. ಹಣೆ ಬಡಿಯಿತು. ಎದುರಿಗೆ ತೆರೆದ ಬಾಗಿಲು. ಅಂಗಳದ ಬಿಸಿಲು. ಕೈ ಚಾಚಿದ. ಕಲ್ಲು. ತಣ್ಣನೆಯ ಕಲ್ಲು. ಬಲಕ್ಕೂ ಕಲ್ಲು. ಕೂಗಿದ. ಯಾರೂ ತಿರುಗಲಿಲ್ಲ.

“ಅಮ್ಮ, ಅಪ್ಪಯ್ಯ ಎಲ್ಲಿಗ್ ಹೋಯ್ರ್?”

ರಮ್ಯಶ್ರೀ ಅವನು ನಿಂತ ಕಡೆಗೇ ನೋಡಿದಳು. ಅಡುಗೆಮನೆ ನೋಡಿದಳು, ಹಿತ್ತಲು ನೋಡಿದಳು. ಕೊನೆಗೆ ಫೋನ್ ಮಾಡಿದಳು. ಅವನ ಕಿಸೆಯಲ್ಲಿ ಅದು ಬಡಿದುಕೊಂಡಿತು. ಅವನು ಎತ್ತಿದ, ಅವಳ ಹೆಸರು ಹಿಡಿದು ಕಿರುಚಿದ.

“ಹಲೋ? ಹಲೋ?” ಎಂದಳು ಅವಳು, ಮೂರೇ ಹೆಜ್ಜೆ ದೂರದಲ್ಲಿ. ಆಮೇಲೆ ಚಂದಯ್ಯನ ಕಡೆ ತಿರುಗಿ, “ಅವ್ರ್ ಫೋನ್ ಎತ್ತಿರ್, ಆರೆ ದನಿ ಬತ್ತಿಲ್ಲೆ,” ಎಂದು ಫೋನ್ ಇಟ್ಟಳು.